ಎಕ್ಸ್-29 ಮಾಡೆಲ್‌ಗೆ ಅಳತೆ ಹುಡುಕುವುದು: ನನ್ನ ಟಿಪ್ಪಣಿ

ಎಕ್ಸ್-29 ಅಂದರೆ ರೆಕ್ಕೆ ಮುಂದಕ್ಕೆ ಬಾಗಿರುವ ಅಮೆರಿಕದ ಪ್ರಯೋಗ ವಿಮಾನ. ಗ್ರಮ್ಮನ್ ಕಂಪನಿ ಎರಡೇ ಎರಡು ಕಟ್ಟಿತು. ಮೊದಲನೆಯದು 1984ರ ಡಿಸೆಂಬರ್ 14ರಂದು ಕ್ಯಾಲಿಫೋರ್ನಿಯಾದ ಎಡ್ವರ್ಡ್ಸ್ ವಾಯುನೆಲೆಯಿಂದ ಮೊದಲ ಸಲ ಹಾರಿತು. ಇದರ 3ಡಿ ಮಾಡೆಲ್ ಮಾಡಿ 1:72 ಅಳತೆಯಲ್ಲಿ, ಅಂದರೆ ನಿಜವಾದ ವಿಮಾನದ 72ನೇ ಒಂದು ಪಾಲಿನಷ್ಟು, ಪ್ರಿಂಟ್ ತೆಗೆಯುವುದು ನನ್ನ ಕೆಲಸ. 3ಡಿ ಮಾಡೆಲ್ ಮಾಡುವ ಬ್ಲೆಂಡರ್ ಸಾಫ್ಟ್‌ವೇರ್ ಬಳಸುವುದನ್ನು ಇಲ್ಲಿ ಹೇಳುವುದಿಲ್ಲ. ಅಳತೆ ಎಲ್ಲಿ ಸಿಗುತ್ತದೆ, ಸಿಕ್ಕಿದ್ದನ್ನು ಹೇಗೆ ಓದಬೇಕು ಅನ್ನುವುದಷ್ಟೇ ವಿಷಯ.

ಎಲ್ಲಿ ಹುಡುಕಬೇಕು

ಸುಮ್ನೆ ಬ್ಲೂಪ್ರಿಂಟ್ ಅಂತ ಹುಡುಕಿದರೆ ಯಾರೋ ಫೋಟೋ ಮೇಲೆ ಗೆರೆ ಎಳೆದ ಚಿತ್ರಗಳೇ ಜಾಸ್ತಿ ಬರುತ್ತವೆ. ಅವುಗಳಲ್ಲಿ ರೆಕ್ಕೆಯ ಕೋನವೇ ಒಂದಕ್ಕೊಂದು ಹೊಂದುವುದಿಲ್ಲ. ಒಳ್ಳೆಯ ಮೂಲ ನಾಸಾದ ತಾಂತ್ರಿಕ ವರದಿಗಳ ಸಂಗ್ರಹ. ಎಲ್ಲರಿಗೂ ತೆರೆದಿದೆ, ದುಡ್ಡು ಕೊಡಬೇಕಿಲ್ಲ. ಅಲ್ಲಿ ಎಕ್ಸ್-29ರ ಸ್ಥಿರತೆ, ನಿಯಂತ್ರಣ, ಹಾರಾಟ ಪರೀಕ್ಷೆ ಬಗ್ಗೆ ಬರೆದ ವರದಿಗಳನ್ನು ತೆರೆಯಿರಿ. ವರದಿಯ ವಿಷಯ ನಮಗೆ ಅರ್ಥವಾಗದಿದ್ದರೂ ಪರವಾಗಿಲ್ಲ. ವಿಮಾನವನ್ನು ಪರಿಚಯಿಸುವ ಭಾಗದಲ್ಲಿ ಮೂರು ದಿಕ್ಕಿನಿಂದ ಬಿಡಿಸಿದ ಚಿತ್ರ, ಕೆಲವೊಮ್ಮೆ ಅಳತೆಗಳ ಕೋಷ್ಟಕ ಇರುತ್ತದೆ. ಲೆಕ್ಕಕ್ಕೆ ಆಧಾರವಾದ ಅಳತೆಗಳನ್ನು ಹೇಳದೆ ಆ ಎಂಜಿನಿಯರ್‌ಗಳ ಫಲಿತಾಂಶಕ್ಕೆ ಅರ್ಥವೇ ಇಲ್ಲ, ಅದಕ್ಕೇ ಅವರು ಜೋಪಾನವಾಗಿ ಬರೆದಿರುತ್ತಾರೆ. ಪ್ರಯೋಗ ವಿಮಾನ ಯಾವುದೇ ಇರಲಿ, ನಾನು ಮೊದಲು ನೋಡುವುದು ಪರೀಕ್ಷಾ ವರದಿಯನ್ನೇ.

ರೆಕ್ಕೆಯ ಕೋನ: 29 ಡಿಗ್ರಿಯಾ, 33 ಡಿಗ್ರಿಯಾ?

ನನಗೆ ಅತಿ ಹೆಚ್ಚು ಹೊತ್ತು ಹಿಡಿದದ್ದು ಇದು. ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ಸಾಮಾನ್ಯ ಪರಿಚಯಗಳಲ್ಲಿ ರೆಕ್ಕೆ 33 ಡಿಗ್ರಿಗೂ ಹೆಚ್ಚು ಮುಂದಕ್ಕೆ ಬಾಗಿದೆ ಅಂತ ಇರುತ್ತದೆ. ತಾಂತ್ರಿಕ ವರದಿಯಲ್ಲಿ 29.27 ಡಿಗ್ರಿ ಅಂತ ಕಾಣುತ್ತದೆ. ನಾಲ್ಕು ಡಿಗ್ರಿಗೂ ಮೀರಿದ ವ್ಯತ್ಯಾಸ, ಪ್ರಿಂಟ್‌ನಲ್ಲಿ ಕಣ್ಣಿಗೆ ಹೊಡೆಯುತ್ತದೆ. ಎರಡರಲ್ಲಿ ಯಾವುದು ಸರಿ? ಎರಡೂ ಸರಿ. ಅಳೆದಿರುವ ಗೆರೆ ಬೇರೆ ಬೇರೆ.

ರೆಕ್ಕೆ ಬುಡದಲ್ಲಿ ಅಗಲ, ತುದಿಯಲ್ಲಿ ಕಿರಿದು, ಅಲ್ವಾ? ಹಾಗಾಗಿ ಮುಂದಿನ ಅಂಚು, ಹಿಂದಿನ ಅಂಚು ಒಂದಕ್ಕೊಂದು ಸಮಾನಾಂತರ ಅಲ್ಲ. 29.27 ಡಿಗ್ರಿ ಅನ್ನುವುದು ಮುಂದಿನ ಅಂಚಿನ ಕೋನ. 33.73 ಡಿಗ್ರಿ ಅನ್ನುವುದು ಕಾಲು ಭಾಗದ ಗೆರೆಯ ಕೋನ. ಅಂದರೆ ರೆಕ್ಕೆಯ ಅಗಲದಲ್ಲಿ ಮುಂದಿನಿಂದ ಕಾಲು ಭಾಗ ಹಿಂದೆ ಒಂದು ಚುಕ್ಕೆ ಇಡಿ. ಬುಡದಲ್ಲಿ ಒಂದು, ತುದಿಯಲ್ಲಿ ಒಂದು. ಎರಡನ್ನೂ ಸೇರಿಸಿದ ಗೆರೆ ಅದು. ವಾಯುಬಲದ ಲೆಕ್ಕಕ್ಕೆ ಆ ಗೆರೆ ಬೇಕು. ಮಾಡೆಲ್ ಮಾಡುವ ನಮಗೆ ಬೇಕಾದದ್ದು ಅಂಚು.

ಇದನ್ನು ನಂಬಿ ಬಿಡುವ ಬದಲು ಲೆಕ್ಕ ಮಾಡಿ ನೋಡಬಹುದು. ರೆಕ್ಕೆಯ ಒಟ್ಟು ಹರವು (ಒಂದು ತುದಿಯಿಂದ ಇನ್ನೊಂದು ತುದಿವರೆಗೆ) 27.2 ಅಡಿ, ಅಂದರೆ 8.29 ಮೀಟರ್. ಹರವಿನ ವರ್ಗವನ್ನು ವಿಸ್ತೀರ್ಣದಿಂದ ಭಾಗಿಸಿದರೆ 4. ತುದಿಯ ಅಗಲ ಬುಡದ ಅಗಲದ 0.4 ಪಾಲು. ಇಷ್ಟು ಸಾಕು. ವಿಸ್ತೀರ್ಣ ಸುಮಾರು 185 ಚದರ ಅಡಿ ಬರುತ್ತದೆ. ಅದರಿಂದ ಬುಡದ ಅಗಲ 9.72 ಅಡಿ, ತುದಿಯದು 3.89 ಅಡಿ.

ಈಗ 1:72ಕ್ಕೆ ಇಳಿಸೋಣ. ಬುಡ 41.1 ಮಿಲಿಮೀಟರ್, ತುದಿ 16.5 ಮಿಲಿಮೀಟರ್, ಅರ್ಧ ಹರವು 57.6 ಮಿಲಿಮೀಟರ್. ಮುಂದಿನ ಅಂಚು 29.27 ಡಿಗ್ರಿ ಬಾಗಿದರೆ ತುದಿಗೆ ಹೋಗುವಷ್ಟರಲ್ಲಿ ಅದು 32.3 ಮಿಲಿಮೀಟರ್ ಮುಂದೆ ಬಂದಿರುತ್ತದೆ. ಕಾಲು ಭಾಗದ ಚುಕ್ಕೆ ಬುಡದಲ್ಲಿ ಅಂಚಿನಿಂದ 10.3 ಮಿಲಿಮೀಟರ್ ಹಿಂದೆ, ತುದಿಯಲ್ಲಿ 4.1 ಮಾತ್ರ ಹಿಂದೆ. ಹಾಗಾಗಿ ಅದು ಇನ್ನೂ 6.2 ಜಾಸ್ತಿ ಮುಂದೆ ಸರಿಯುತ್ತದೆ, ಒಟ್ಟು 38.5. ಅದನ್ನು 57.6ರಿಂದ ಭಾಗಿಸಿ ಕೋನ ತೆಗೆದರೆ ಸುಮಾರು 33.7 ಡಿಗ್ರಿ! ಎರಡು ಸಂಖ್ಯೆಗಳೂ ಒಂದೇ ರೆಕ್ಕೆಯವು ಅನ್ನುವುದು ಇಲ್ಲಿ ಖಾತ್ರಿಯಾಯಿತು. ಇದೇ ರೀತಿ ಹಿಂದಿನ ಅಂಚಿನ ಕೋನವೂ ಸಿಗುತ್ತದೆ: 44.7 ಡಿಗ್ರಿ. ಯಾವುದೇ ಚಿತ್ರ ಸಿಕ್ಕಿದರೂ ನಾನು ಈಗ ಮೊದಲು ಹಿಂದಿನ ಅಂಚನ್ನು ಅಳೆಯುತ್ತೇನೆ. 45ರ ಆಸುಪಾಸಿನಲ್ಲಿ ಇಲ್ಲದಿದ್ದರೆ ಆ ಚಿತ್ರ ಬೇಡ.

ಇನ್ನೊಂದು ಮುಖ್ಯ ವಿಷಯ. ಇಲ್ಲಿ ಬುಡ ಅಂದರೆ ವಿಮಾನದ ಮೈಗೆ ರೆಕ್ಕೆ ಅಂಟಿರುವ ಜಾಗ ಅಲ್ಲ. ವಿಮಾನದ ನಡುಗೆರೆ. ಮೈಯ ಒಳಗೂ ರೆಕ್ಕೆ ಮುಂದುವರಿದಿದೆ ಅಂತ ಊಹಿಸಿಕೊಂಡು ನಡುಗೆರೆವರೆಗೆ ಎಳೆದ ಆಕಾರ ಅದು. 41.1 ಮಿಲಿಮೀಟರನ್ನು ಮೈಯ ಪಕ್ಕದಲ್ಲಿ ಇಟ್ಟರೆ ಇಡೀ ರೆಕ್ಕೆ ದಪ್ಪಗಾಗಿ ಕಾಣುತ್ತದೆ. ಮೊದಲು ಈ ಚೌಕಟ್ಟನ್ನು ನಡುಗೆರೆಯಿಂದ ಎಳೆಯಿರಿ. ಆಮೇಲೆ ಮೈಯ ಹತ್ತಿರದ ನಿಜವಾದ ಅಂಚನ್ನು ವರದಿಯ ಚಿತ್ರ ನೋಡಿಕೊಂಡು ತಿದ್ದಿ.

ಉದ್ದ

ಇಲ್ಲೂ ಅದೇ ಕಥೆ, ಆದರೆ ಸುಲಭ. ಒಂದು ಕಡೆ 48.1 ಅಡಿ, ಇನ್ನೊಂದು ಕಡೆ ಸುಮಾರು 54 ಅಡಿ. ಮೂತಿಯ ಮುಂದೆ ಚಾಚಿರುವ ಉದ್ದದ ಕಡ್ಡಿಯನ್ನು ಸೇರಿಸಿದರೆ 54, ಬಿಟ್ಟರೆ 48.1. ಗಾಳಿಯ ವೇಗ, ದಿಕ್ಕು ಅಳೆಯುವ ಕಡ್ಡಿ ಅದು. 1:72ರಲ್ಲಿ ಎರಡರ ನಡುವೆ ಸುಮಾರು 25 ಮಿಲಿಮೀಟರ್ ವ್ಯತ್ಯಾಸ. ಚಿತ್ರದಲ್ಲಿ ಹರವನ್ನು ಉದ್ದದಿಂದ ಭಾಗಿಸಿ. ಕಡ್ಡಿ ಬಿಟ್ಟು ಅಳೆದರೆ 0.57 ಹತ್ತಿರ, ಸೇರಿಸಿ ಅಳೆದರೆ 0.50 ಹತ್ತಿರ ಬರಬೇಕು. ಎರಡರಲ್ಲಿ ಯಾವುದೂ ಬರದಿದ್ದರೆ ಚಿತ್ರವನ್ನು ಯಾರೋ ಎಳೆದು ಹಿಗ್ಗಿಸಿದ್ದಾರೆ.

ಫೋಟೋಗೆ ಮೊದಲು ವರ್ಷ ಹಚ್ಚಿ

ಎರಡು ವಿಮಾನಗಳ ನಂಬರ್ 82-0003 ಮತ್ತು 82-0049. ಮೊದಲನೆಯದರ ಪರೀಕ್ಷಾ ಹಾರಾಟಗಳು 1988ರ ಡಿಸೆಂಬರ್‌ನಲ್ಲಿ ಮುಗಿದವು, ಒಟ್ಟು 242. ಎರಡನೆಯದು 1989ರ ಮೇ ತಿಂಗಳಲ್ಲಿ ಶುರು ಮಾಡಿತು. ಮೂತಿಯನ್ನು ತುಂಬಾ ಮೇಲೆತ್ತಿ ಹಾರಿದರೆ ಏನಾಗುತ್ತದೆ ಅಂತ ನೋಡುವುದು ಅದರ ಕೆಲಸ. ವಿಮಾನ ಗಿರಕಿ ಹೊಡೆದರೆ ಬಿಚ್ಚಲು ರಡರ್‌ನ (ಬಾಲದ ನೆಟ್ಟಗಿನ ರೆಕ್ಕೆಯಲ್ಲಿ ತಿರುಗುವ ಭಾಗ) ಬುಡದಲ್ಲಿ ಒಂದು ಪ್ಯಾರಾಚೂಟ್ ಕೂರಿಸಿದರು. ಹೊರಗಿನಿಂದ ಕಾಣುವ ದೊಡ್ಡ ವ್ಯತ್ಯಾಸ ಇದೊಂದೇ. ಅದು ಕಂಡರೆ ಎರಡನೆಯ ವಿಮಾನ.

ಎಡ್ವರ್ಡ್ಸ್‌ನಲ್ಲಿ ತೆಗೆದ ಆ ಕಾಲದ ನಾಸಾ ಫೋಟೋಗಳ ನಂಬರ್ ಇಸಿ ಅಂತ ಶುರುವಾಗುತ್ತದೆ. ಪಕ್ಕದ ಎರಡು ಅಂಕೆ ವರ್ಷ. ಇಸಿ87 ಅಂದರೆ 1987, ಇಸಿ91 ಅಂದರೆ 1991. ಈ ಚಿಕ್ಕ ವಿಷಯ ನನಗೆ ತುಂಬಾ ಇಷ್ಟ. ಫೋಟೋಗಳನ್ನು ವರ್ಷದ ಪ್ರಕಾರ ಫೋಲ್ಡರ್‌ಗಳಲ್ಲಿ ಇಟ್ಟರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ. 1991ರ ಹಾರಾಟಗಳಲ್ಲಿ ಮೂತಿಯಿಂದ ಹೊಗೆ ಬಿಟ್ಟು ಗಾಳಿಯ ಸುಳಿಗಳನ್ನು ನೋಡಿದರು. 1992ರಲ್ಲಿ ಮೂತಿಯ ಮೇಲ್ಭಾಗದಲ್ಲಿ ಅನಿಲ ಚಿಮ್ಮಿಸುವ ಎರಡು ಪುಟ್ಟ ಕೊಳವೆಗಳು ಬಂದವು. ಅವನ್ನು 1987ರ ಬಣ್ಣದ ಜೊತೆ ಸೇರಿಸಿದರೆ ಎಂದೂ ಇಲ್ಲದ ವಿಮಾನ ಆಗಿಬಿಡುತ್ತದೆ. ಒಂದು ವರ್ಷ ಆರಿಸಿ, ಅದಕ್ಕೆ ಅಂಟಿಕೊಳ್ಳಿ.

ಈಗ ಮೊದಲನೆಯದು ಓಹಾಯೋದ ಡೇಟನ್‌ನಲ್ಲಿರುವ ಅಮೆರಿಕ ವಾಯುಪಡೆಯ ಮ್ಯೂಸಿಯಂನಲ್ಲಿದೆ. ಎರಡನೆಯದು ಎಡ್ವರ್ಡ್ಸ್‌ನಲ್ಲೇ ಉಳಿದಿದೆ. ನೋಡಲು ಹೋದವರು ತೆಗೆದ ಹತ್ತಿರದ ಫೋಟೋಗಳು ಚಕ್ರದ ಗುಂಡಿ, ಫಲಕಗಳ ಸಂದು ನೋಡಲು ಒಳ್ಳೆಯವು. ವಾಷಿಂಗ್ಟನ್‌ನ ಏರ್ ಅಂಡ್ ಸ್ಪೇಸ್ ಮ್ಯೂಸಿಯಂನಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದದ್ದು ಪೂರ್ಣ ಗಾತ್ರದ ಮಾದರಿ, ಹಾರಿದ ವಿಮಾನ ಅಲ್ಲ. ಸಣ್ಣ ವಿವರಗಳಿಗೆ ಅದನ್ನು ನೆಚ್ಚಬೇಡಿ.

ಸಾಲ ತಂದ ಭಾಗಗಳು

ಖರ್ಚು ಉಳಿಸಲು ಗ್ರಮ್ಮನ್ ಬೇರೆ ವಿಮಾನಗಳ ಭಾಗ ಬಳಸಿತು. ಮೂತಿ, ಕಾಕ್‌ಪಿಟ್ ಇರುವ ಮುಂಭಾಗ ಮತ್ತು ಮುಂದಿನ ಚಕ್ರ ಎಫ್-5ಎಯದು. ಹಿಂದಿನ ಮುಖ್ಯ ಚಕ್ರಗಳು ಎಫ್-16ರವು. ಎಂಜಿನ್ ಜನರಲ್ ಎಲೆಕ್ಟ್ರಿಕ್ ಎಫ್404. ಇದು ನಮಗೆ ದೊಡ್ಡ ಅನುಕೂಲ. ಎರಡೇ ಕಟ್ಟಿದ ವಿಮಾನದ ಫೋಟೋ ಕಡಿಮೆ, ಆದರೆ ಈ ಭಾಗಗಳ ಫೋಟೋ, ಅಳತೆ ಬೇಕಾದಷ್ಟು ಸಿಗುತ್ತವೆ. ಎಫ್-5ಇ ಚಿತ್ರ ಮಾತ್ರ ಬಳಸಬೇಡಿ, ಅದರ ಮೈ ಬೇರೆ. ಎಫ್404ರ ಇನ್ನೊಂದು ಆವೃತ್ತಿ ನಮ್ಮ ತೇಜಸ್‌ನಲ್ಲೂ ಇದೆ. ಯಲಹಂಕದ ಏರೋ ಇಂಡಿಯಾಕ್ಕೆ ಹೋದರೆ ತೇಜಸ್‌ನ ಹಿಂಭಾಗದ ಫೋಟೋ ತೆಗೆದಿಟ್ಟುಕೊಳ್ಳಿ. ಎಂಜಿನ್‌ನ ಬಿಸಿಗಾಳಿ ಹೊರಬರುವ ನಳಿಕೆಯ ಎಸಳುಗಳು ಹೇಗೆ ಒಂದರ ಮೇಲೊಂದು ಕೂರುತ್ತವೆ ಅಂತ ತಿಳಿಯಲು ಅದು ಸಾಕು.

ಕೊನೆಯದಾಗಿ ಚಲಿಸುವ ಭಾಗಗಳು. ಮುಂದಿನ ಪುಟ್ಟ ರೆಕ್ಕೆ ಇಡೀ ತಿರುಗುತ್ತದೆ. ದೊಡ್ಡ ರೆಕ್ಕೆಯ ಹಿಂದಿನ ಅಂಚಿನ ಫ್ಲಾಪ್‌ಗಳು, ನಳಿಕೆಯ ಎರಡು ಪಕ್ಕದ ಫ್ಲಾಪ್‌ಗಳು ಕೂಡ ಏಳುತ್ತವೆ, ಇಳಿಯುತ್ತವೆ. ಹಾರುವಾಗ ಕಂಪ್ಯೂಟರ್ ಇವನ್ನು ಸೆಕೆಂಡಿಗೆ 40 ಸಲದವರೆಗೆ ತಿದ್ದುತ್ತಿತ್ತು. ಹಾಗಾಗಿ ಒಂದು ಫೋಟೋದಲ್ಲಿ ಕಂಡ ಕೋನ ಆ ಕ್ಷಣದ್ದು ಮಾತ್ರ. ನಾನು ಇವನ್ನೆಲ್ಲ ಬೇರೆ ಬೇರೆ ತುಂಡುಗಳಾಗಿ, ತಮ್ಮದೇ ತಿರುಗುವ ಅಕ್ಷದೊಂದಿಗೆ ಮಾಡುತ್ತಿದ್ದೇನೆ. ನಿಂತ ಭಂಗಿ ಬೇಕಾದರೆ ನೆಲದ ಮೇಲಿನ ಫೋಟೋ, ಹಾರುವ ಭಂಗಿ ಬೇಕಾದರೆ ಅದೇ ವರ್ಷದ ಆಕಾಶದ ಫೋಟೋ ನೋಡಿ ಕೋನ ಕೊಡುತ್ತೇನೆ.