ತೂಕದ ಕಲ್ಲೇ ಸವೆದರೆ?

ವಿದ್ಯಾರ್ಥಿಗಳು ಎಕ್ಸ್‌ರೇ ದೂರದರ್ಶಕದ ದತ್ತಾಂಶದಿಂದ ಗ್ರಾಫ್ ತೆಗೆದು ತೋರಿಸಿದಾಗ ನಾನು ಮೊದಲು ಕೇಳುವುದು ಒಂದೇ: ಯಾವ ತಾರೀಖಿನ ಕ್ಯಾಲಿಬ್ರೇಷನ್ ಫೈಲ್, ಅಂದರೆ ಉಪಕರಣದ ಅಳತೆಯನ್ನು ತಿದ್ದುವ ಪಟ್ಟಿ, ಹಾಕಿದ್ದೀರಿ? ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಾರೆ. ದೂರದರ್ಶಕ ಬಾಹ್ಯಾಕಾಶಕ್ಕೆ ಹಾರುವ ಮುಂಚೆಯೇ ಪರೀಕ್ಷೆ ಮುಗಿದಿರುತ್ತದೆ ಎಂಬುದು ಅವರ ನಂಬಿಕೆ.

ನಾಸಾದ ಚಂದ್ರಾ ಎಂಬ ಎಕ್ಸ್‌ರೇ ವೀಕ್ಷಣಾಲಯವನ್ನೇ ನೋಡಿ. 1999ರ ಜುಲೈನಲ್ಲಿ ಅದು ಹಾರುವ ಮೊದಲು, ಅದರ ಕನ್ನಡಿಗಳನ್ನು ಅಮೆರಿಕದ ಹಂಟ್ಸ್‌ವಿಲ್‌ನಲ್ಲಿ ಅರ್ಧ ಕಿಲೋಮೀಟರ್ ಉದ್ದದ ನಿರ್ವಾತ ಕೊಳವೆಯ ಒಂದು ತುದಿಗಿಟ್ಟು, ಇನ್ನೊಂದು ತುದಿಯಿಂದ ಎಕ್ಸ್‌ರೇ ಬಿಟ್ಟು ಅಳೆದಿದ್ದರು. ಆದರೆ ಅರ್ಧ ಕಿಲೋಮೀಟರ್ ಎಂದರೆ ನಕ್ಷತ್ರದ ದೂರವೇ? ಕಿರಣಗಳು ತುಸು ಹರಡಿಕೊಂಡೇ ಬರುತ್ತವೆ. ಸಾಲದ್ದಕ್ಕೆ ಕನ್ನಡಿಗಳು ತಮ್ಮದೇ ಭಾರಕ್ಕೆ ಕೂದಲೆಳೆಯಷ್ಟೂ ಅಲ್ಲದ ಅಳತೆಯಲ್ಲಿ ಬಾಗುತ್ತವೆ. ಆ ಎರಡನ್ನೂ ಲೆಕ್ಕದಲ್ಲಿ ಕಳೆದು, ಆಕಾಶದಲ್ಲಿ ಚಿತ್ರ ಹೇಗಿರುತ್ತದೆ ಎಂದು ಮೊದಲೇ ಹೇಳಬೇಕಿತ್ತು. ಕಕ್ಷೆಯಲ್ಲಿ ಸಿಕ್ಕಿದ್ದು ಅರ್ಧ ಆರ್ಕ್‌ಸೆಕೆಂಡಿನಷ್ಟು (ಆರ್ಕ್‌ಸೆಕೆಂಡ್ ಎಂದರೆ ಒಂದು ಡಿಗ್ರಿಯ 3,600ನೇ ಒಂದು ಭಾಗ) ಚೊಕ್ಕ ಚಿತ್ರ. ಹತ್ತು ಕಿಲೋಮೀಟರ್ ಆಚೆಯ ನಾಣ್ಯ ಒಂದು ಚುಕ್ಕೆಯಾಗಿ ಕಂಡಷ್ಟು ಸೂಕ್ಷ್ಮ.

ಪೆಟ್ಟು ಬಿದ್ದದ್ದು ಬೇರೆ ಕಡೆ. ಭೂಮಿಯ ವಿಕಿರಣ ಪಟ್ಟಿಗಳನ್ನು ಹಾದುಹೋಗುವಾಗ ಅದೇ ಕನ್ನಡಿಗಳು ಕಡಿಮೆ ಶಕ್ತಿಯ ಪ್ರೋಟಾನ್‌ಗಳನ್ನೂ ಕ್ಯಾಮೆರಾದ ಸಂವೇದಕ ಚಿಪ್‌ಗಳಾದ ಸಿಸಿಡಿಗಳ ಕಡೆಗೆ ತಿರುಗಿಸಿದವು. ಕೆಲವೇ ವಾರಗಳಲ್ಲಿ ಹಲವು ಚಿಪ್‌ಗಳು ಹಾಳಾದವು: ಸಾಲಿನಿಂದ ಸಾಲಿಗೆ ಸಾಗುವಾಗ ವಿದ್ಯುದಂಶ ಸೋರತೊಡಗಿತು. ಇದನ್ನು ಹಿಡಿದುಕೊಟ್ಟಿದ್ದು ಉಪಗ್ರಹದೊಳಗೇ ಕೂತಿದ್ದ ಕಬ್ಬಿಣ-55ರ ಆಕರ, ಅಂದರೆ ಗೊತ್ತಾದ ಶಕ್ತಿಯ ಎಕ್ಸ್‌ರೇ ಸೂಸುವ ವಿಕಿರಣಶೀಲ ವಸ್ತು. ಅದರ 5.9 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನ ಗೆರೆ, ಚಿಪ್‌ನ ದೂರದ ಸಾಲುಗಳಲ್ಲಿ ಕೆಳಗೆ ಜಾರಿ ಕಂಡಿತು. ಅಂದಿನಿಂದ ಆ ಪಟ್ಟಿಗಳನ್ನು ದಾಟುವಾಗ ಕ್ಯಾಮೆರಾವನ್ನು ಕನ್ನಡಿಯ ಎದುರಿನಿಂದ ಸರಿಸಿಡುತ್ತಾರೆ.

ಆ ಆಕರಕ್ಕೂ ಆಯುಸ್ಸಿದೆ. ಅರ್ಧಾಯು 2.7 ವರ್ಷ, ಈಗ ಅದು ಬಹುತೇಕ ಆರಿದ ದೀಪ. ಹಾಗಾಗಿ ಆಕಾಶವನ್ನೇ ನೆಚ್ಚಬೇಕು. ನಮ್ಮ ನೆರೆಯ ಪುಟ್ಟ ಗೆಲಾಕ್ಸಿಯಾದ ಕಿರಿಯ ಮೆಗೆಲಾನಿಕ್ ಮೋಡದಲ್ಲಿರುವ ಇ0102 ಎಂಬ ಸೂಪರ್‌ನೋವಾ (ಸಿಡಿದ ನಕ್ಷತ್ರದ) ಅವಶೇಷ ಕೆಲವೇ ವರ್ಷಗಳಲ್ಲಿ ಹೆಚ್ಚೇನೂ ಬದಲಾಗುವಂಥದ್ದಲ್ಲ. ಅದರ ಆಮ್ಲಜನಕದ ಗೆರೆಗಳು ಮಂಕಾದರೆ ತಪ್ಪು ನಮ್ಮ ಉಪಕರಣದ್ದು. ಚಂದ್ರಾದ ತಣ್ಣನೆಯ ಫಿಲ್ಟರಿನ ಮೇಲೆ ಜಿಡ್ಡಿನ ಪೊರೆ ದಪ್ಪವಾಗುತ್ತಿರುವುದನ್ನು ಅಳೆಯಲು ಇಂಥ ಆಕರಗಳೇ ನೆರವಾದವು.

ಆದರೆ ತೂಕದ ಕಲ್ಲೇ ಸವೆದರೆ? ಎಕ್ಸ್‌ರೇ ಲೋಕದಲ್ಲಿ ಕ್ರ್ಯಾಬ್ ನೀಹಾರಿಕೆಯೇ ಅಳತೆಗೋಲು. ಹೊಳಪನ್ನು 'ಇಷ್ಟು ಕ್ರ್ಯಾಬ್' ಎಂದೇ ಹೇಳುವ ರೂಢಿ. 2008ರಿಂದ 2010ರೊಳಗೆ ಅದು ಸುಮಾರು ಶೇ 7ರಷ್ಟು ಮಂಕಾಯಿತು. ಒಂದೇ ಉಪಗ್ರಹ ಹೇಳಿದ್ದರೆ ಉಪಕರಣವನ್ನೇ ಶಂಕಿಸುತ್ತಿದ್ದರು. ಫರ್ಮಿ, ಸ್ವಿಫ್ಟ್, ಇಂಟಿಗ್ರಲ್, ಆರ್‌ಎಕ್ಸ್‌ಟಿಇ ನಾಲ್ಕೂ ಉಪಗ್ರಹಗಳು ಅದನ್ನೇ ಹೇಳಿದ್ದರಿಂದ ಒಪ್ಪಲೇಬೇಕಾಯಿತು. ಭಾರತದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್‌ನ ದತ್ತಾಂಶ ಬಳಸುವವರಿಗೂ ಅದಕ್ಕೇ ಹೇಳುವುದು: ಅದೇ ದಿನ ಬೇರೊಂದು ದೂರದರ್ಶಕ ಅದೇ ಆಕರವನ್ನು ನೋಡಿದೆಯೇ, ಹುಡುಕಿ. ಗ್ರಾಫ್ ಆಮೇಲೆ ನೋಡೋಣ.