ಹೆಸರಿಲ್ಲದ ಬ್ಯಾಂಜೊಗೆ ಬೆಲೆ ಕಟ್ಟುವಾಗ

"ಇದನ್ನ ಮಾಡಿದ್ದು ಯಾರು ಅಂತ ಹೇಳ್ತೀರಾ?" ಕೈಯಿಂದ ಮಾಡಿದ ಬ್ಯಾಂಜೊ ತರುವವರೆಲ್ಲ ಮೊದಲು ಕೇಳುವುದು ಇದನ್ನೇ. ಬಿರಡೆಗಳಿರುವ ತುದಿಯ ತಲೆಯ ಮೇಲೆ ಹೆಸರಿಲ್ಲ, ಒಳಗೆ ಚೀಟಿಯಿಲ್ಲ, ನಂಬರೂ ಇಲ್ಲ. ಇಂಥ ವಾದ್ಯಗಳನ್ನು ರಿಪೇರಿ ಮಾಡುವುದು, ಬೆಲೆ ಕಟ್ಟುವುದು ನನ್ನ ಕೆಲಸ. ಹೆಚ್ಚಿನ ಸಲ ಹೆಸರು ಸಿಗುವುದಿಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಆದರೆ ಯಾವ ಕಾಲದ್ದು, ಏನನ್ನು ನೋಡಿ ಮಾಡಿದ್ದು, ಮಾಡಿದವರ ಕೈ ಎಷ್ಟು ಪಳಗಿತ್ತು ಅನ್ನುವುದು ಸಿಗುತ್ತದೆ. ಬೆಲೆ ಕಟ್ಟಲು ಅಷ್ಟು ಸಾಕು.

ಒಂದು ವಿನಂತಿ. ತೋರಿಸುವ ಮೊದಲು ದಯವಿಟ್ಟು ಉಜ್ಜಿ ಹೊಳಪು ಮಾಡಬೇಡಿ. ಒಬ್ಬರು ರಿಮ್‌ನ, ಅಂದರೆ ಹೊದಿಕೆ ಬಿಗಿಯುವ ದುಂಡನೆಯ ಮರದ ಬಳೆಯ, ಒಳಭಾಗಕ್ಕೆಲ್ಲ ಪಾಲಿಶ್ ಹಾಕಿ ತಿಕ್ಕಿ ತಂದಿದ್ದರು. ಅಲ್ಲಿ ಪೆನ್ಸಿಲ್‌ನಲ್ಲಿ ಏನೋ ಬರೆದಿತ್ತಂತೆ. "ಕೊಳೆ ಅಂದ್ಕೊಂಡೆ" ಅಂದರು. ಉಳಿದಿದ್ದು ಒಂದು ಬೂದು ಕಲೆ. ಆ ಬ್ಯಾಂಜೊಗಿದ್ದ ಒಂದೇ ಸಾಕ್ಷಿ ಅದು. ಈಗಲೂ ನೆನೆಸಿಕೊಂಡರೆ ಸಂಕಟವಾಗುತ್ತದೆ.

ನಾನು ಮೊದಲು ನೋಡುವುದು, ಇದು ಪೂರ್ತಿ ಕೈಕೆಲಸವೇ ಅಲ್ವಾ ಅಂತ. ಬ್ಯಾಂಜೊದಲ್ಲಿ ಎರಡು ಮುಖ್ಯ ಭಾಗ. ತಮಟೆಯ ಹಾಗೆ ಹೊದಿಕೆ ಬಿಗಿದ ದುಂಡನೆಯ ಪಾಟ್, ಅದಕ್ಕೆ ಸೇರಿಸಿದ ಉದ್ದನೆಯ ನೆಕ್. ಎರಡನ್ನೂ ಬಿಚ್ಚಿ ಬೇರೆ ಮಾಡಬಹುದು, ಬೇರೆಯದಕ್ಕೆ ಕೂರಿಸಬಹುದು. ಗೊಂದಲ ಹುಟ್ಟುವುದೇ ಇಲ್ಲಿ. 1920ರ ದಶಕದಲ್ಲಿ ಅಮೆರಿಕದ ಡ್ಯಾನ್ಸ್ ಬ್ಯಾಂಡ್‌ಗಳಿಗಾಗಿ ನಾಲ್ಕು ತಂತಿಯ ಟೆನರ್ ಬ್ಯಾಂಜೊಗಳು ರಾಶಿ ರಾಶಿ ತಯಾರಾದವು. 1945ರ ಕೊನೆಗೆ ಬ್ಯಾಂಜೊ ವಾದಕ ಅರ್ಲ್ ಸ್ಕ್ರಗ್ಸ್ ಅವರು ಬ್ಲೂಗ್ರಾಸ್ ಸಂಗೀತಗಾರ ಬಿಲ್ ಮನ್ರೋ ಅವರ ತಂಡ ಸೇರಿದರು. ಅವರು ಮೂರು ಬೆರಳಿನಲ್ಲಿ ನುಡಿಸುವುದನ್ನು ಕೇಳಿದ ಮೇಲೆ ಜನಕ್ಕೆ ಐದು ತಂತಿಯದೇ ಬೇಕಾಯಿತು. ಹಳೆ ಟೆನರ್‌ನ ನೆಕ್ ತೆಗೆದು, ತಾವೇ ಐದು ತಂತಿಯ ನೆಕ್ ಕೆತ್ತಿ ಕೂರಿಸಿದವರು ಬಹಳ ಮಂದಿ. ಅಂದರೆ ನೆಕ್ ಯಾರದ್ದೋ ಗೊತ್ತಿಲ್ಲ, ಆದರೆ ಪಾಟ್ ಗಿಬ್ಸನ್ ಅಥವಾ ವೇಗಾ ಕಾರ್ಖಾನೆಯದ್ದಿರಬಹುದು. ಆಗ ಬೆಲೆಯ ಬಹುಪಾಲು ಪಾಟ್‌ನಲ್ಲೇ ಇರುತ್ತದೆ. ಅದಕ್ಕೇ ಹೊದಿಕೆ ಬಿಚ್ಚಿ, ರಿಮ್ ಒಳಗೆ ನಂಬರ್ ಇದೆಯಾ, ಹೊದಿಕೆಯ ಕೆಳಗೆ ರಿಮ್ ಮೇಲೆ ಕೂರುವ ಲೋಹದ ಬಳೆ, ಅಂದರೆ ಟೋನ್ ರಿಂಗ್, ಯಾವ ಆಕಾರದ್ದು ಅಂತ ನೋಡದೆ ಯಾರಿಗೂ ಮಾತು ಕೊಡಬೇಡಿ. "ಮನೆಯಲ್ಲಿ ಮಾಡಿದ್ದು" ಅಂತ ಸುಮ್ನೆ ಅಗ್ಗಕ್ಕೆ ಕೊಟ್ಟರೆ ಆಮೇಲೆ ಸರಿಪಡಿಸಲು ಆಗುವುದಿಲ್ಲ.

ಇದರ ತಿರುಗುಮುರುಗು ಕೂಡ ಇದೆ. ಬಿಡಿಭಾಗ, ಕಿಟ್ ಮಾರುವ ಸ್ಟೂವರ್ಟ್-ಮ್ಯಾಕ್‌ಡೊನಾಲ್ಡ್‌ನಂಥ ಕಂಪನಿಗಳು 1960ರ ದಶಕದ ಕೊನೆಯಿಂದ ಬಂದವು. ಅಂಥ ಕಿಟ್ ಜೋಡಿಸಿದ್ದರೆ ಅದು ಒಳ್ಳೆಯ ವಾದ್ಯವೇ ಇರಬಹುದು. ಆದರೆ ಕೈಯಿಂದ ಕೆತ್ತಿದ್ದು ಅಂತ ಮಾರುವುದು ತಪ್ಪು.

ಕಾಲ ಹೇಳಲು ನಾನು ಹಿಡಿಯುವ ದಾರಿ ಸರಳ. ಮೂಲದಲ್ಲೇ ಇದ್ದ ಭಾಗಗಳಲ್ಲಿ ತೀರ ಹೊಸದು ಯಾವುದೋ, ವಾದ್ಯ ಅದಕ್ಕಿಂತ ಹಳೆಯದಾಗಲು ಸಾಧ್ಯವಿಲ್ಲ. ಪ್ಲಸ್ ಗುರುತಿನ ಫಿಲಿಪ್ಸ್ ಸ್ಕ್ರೂ 1930ರ ದಶಕದ ನಡುವಿನಿಂದ ಬಂದದ್ದು. ನೆಕ್ ಬಾಗದಂತೆ ಅದರ ಒಳಗಿಡುವ, ಹೊಂದಿಸಬಲ್ಲ ಲೋಹದ ಸಲಾಕೆಯಾದ ಟ್ರಸ್ ರಾಡ್‌ಗೆ ಗಿಬ್ಸನ್‌ನವರು ಪೇಟೆಂಟ್ ಪಡೆದದ್ದು 1923ರಲ್ಲಿ. ಕರುವಿನ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹೊದಿಕೆ ಬಂದದ್ದು 1950ರ ದಶಕದ ಕೊನೆಗೆ. "ಮೂಲದಲ್ಲೇ ಇದ್ದ" ಅನ್ನುವ ಮಾತನ್ನು ಮರೆಯಬೇಡಿ. ಹೊದಿಕೆ, ಕಿವಿ ಬಿರಡೆಗಳನ್ನು ಜನ ಬದಲಾಯಿಸುತ್ತಲೇ ಇರುತ್ತಾರೆ. ಬಿರಡೆ ಬಿಚ್ಚಿದಾಗ ಕೆಳಗೆ ಹಳೆ ತೂತು ಮುಚ್ಚಿದ ಗುರುತಿದ್ದರೆ, ಬಣ್ಣದಲ್ಲಿ ಬೇರೆ ಆಕಾರದ ನೆರಳಿದ್ದರೆ, ಆ ಬಿರಡೆಯ ಸಾಕ್ಷಿ ಲೆಕ್ಕಕ್ಕಿಲ್ಲ.

ಸೋರೆಬುರುಡೆಯ ಬ್ಯಾಂಜೊ ತಂದವರಿಗೆ ಇನ್ನೂ ಜಾಸ್ತಿ ಎಚ್ಚರ ಹೇಳುತ್ತೇನೆ. ಈ ವಾದ್ಯ ಆಫ್ರಿಕಾದಿಂದ ಗುಲಾಮರಾಗಿ ಬಂದವರ ಕೈಯಲ್ಲಿ ಹುಟ್ಟಿದ್ದು, ಮೊದಲಿನವು ಬುರುಡೆಯವೇ. ಆದರೆ ಆ ಕಾಲದವು ಉಳಿದಿರುವುದು ಬೆರಳೆಣಿಕೆಯಷ್ಟು. 1770ರ ದಶಕದಲ್ಲಿ ಜಾನ್ ಗೇಬ್ರಿಯಲ್ ಸ್ಟೆಡ್‌ಮನ್ ಎಂಬ ಸೈನಿಕ ದಕ್ಷಿಣ ಅಮೆರಿಕದ ಸುರಿನಾಮ್‌ನಿಂದ ತಂದದ್ದು ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿದೆ. ನಮ್ಮ ಕೈಗೆ ಬರುವ ಬುರುಡೆ ಬ್ಯಾಂಜೊಗಳು ಹೆಚ್ಚಾಗಿ ಇತ್ತೀಚೆಗೆ ಪ್ರೀತಿಯಿಂದ ಮಾಡಿದವು.

ಹೋದ ತಿಂಗಳು ನನ್ನ ಮೇಜಿನ ಮೇಲಿದ್ದ ಒಂದನ್ನೇ ನೋಡಿ. ಐದು ತಂತಿ, ಪಾಟ್‌ನ ಹಿಂಬದಿ ಮುಚ್ಚುವ ಮರದ ತಟ್ಟೆ, ಅಂದರೆ ರೆಸೊನೇಟರ್, ಇಲ್ಲ, ಚರ್ಮದ ಹೊದಿಕೆ. ಹೊದಿಕೆಯ ಮೇಲೆ ತಂತಿಗಳನ್ನು ಎತ್ತಿ ಹಿಡಿಯುವ ಬ್ರಿಡ್ಜ್ ನಿಲ್ಲುವುದು ತಂತಿಯ ಒತ್ತಡದಿಂದ ಮಾತ್ರ, ಆದ್ದರಿಂದ ಜಾಗ ಗುರುತು ಮಾಡಿಕೊಂಡು ತಂತಿ ಸಡಿಲಿಸಿದೆ. ಹೊದಿಕೆ ತೆಗೆದಾಗ ರಿಮ್‌ನ ಅಂಚು ಕಂಡಿತು. ತುಂಡು ತುಂಡು ಮರವನ್ನು ಅಂಟಿಸಿ, ಮೂರು ಸುತ್ತು ಇಟ್ಟಿಗೆಯ ಹಾಗೆ ಒಂದರ ಸಂದಿ ಇನ್ನೊಂದರ ಮೇಲೆ ಬಾರದಂತೆ ಜೋಡಿಸಿದ್ದರು. ಉಗುರು ಎಳೆದರೆ ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ನೆಕ್‌ನಿಂದ ಪಾಟ್ ಒಳಗೆ ಹಾಯುವ ಕಂಬಿಮರದ ಮೇಲೆ ಪೆನ್ಸಿಲ್ ಗೆರೆ, ಪಕ್ಕದಲ್ಲಿ ಒಂದು ಅಂಕಿ ಬರೆದು ಹೊಡೆದುಹಾಕಿ, ಸರಿಯಾದ ಅಂಕಿ ಬರೆದಿದ್ದರು. ಅಳೆದು, ತಪ್ಪು ಕಂಡು, ಮತ್ತೆ ಅಳೆದವರು. ನನಗೆ ಆಗಲೇ ಅವರ ಮೇಲೆ ನಂಬಿಕೆ ಬಂತು.

ನಂಬಿಕೆಯನ್ನು ಟೇಪಿನಿಂದ ಪರೀಕ್ಷೆ ಮಾಡಬೇಕು. ನೆಕ್‌ನ ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿಯಾದ ನಟ್‌ನಿಂದ 12ನೇ ಫ್ರೆಟ್‌ಗೆ (ಸ್ವರಸ್ಥಾನದ ಲೋಹದ ಪಟ್ಟಿಗೆ) 333.5 ಮಿ.ಮೀ. 12ನೇ ಫ್ರೆಟ್ ತಂತಿಯ ಅರ್ಧಕ್ಕೆ ಇರುತ್ತದೆ, ಅಂದರೆ ತಂತಿಯ ಉದ್ದ 667. ಅದನ್ನು ಫ್ರೆಟ್ ಜಾಗ ಲೆಕ್ಕ ಹಾಕಲು ಬಳಸುವ 17.817ರಿಂದ ಭಾಗಿಸಿದರೆ ಮೊದಲ ಫ್ರೆಟ್ ನಟ್‌ನಿಂದ 37.4 ಮಿ.ಮೀ. ದೂರ ಇರಬೇಕು. ಅಲ್ಲೇ ಇತ್ತು. ಫ್ರೆಟ್‌ನ ಗೀರು ತಪ್ಪಿದ್ದರೆ ಬೆರಳುಹಲಗೆಯನ್ನೇ ಬದಲಾಯಿಸಬೇಕಾಗುತ್ತದೆ, ಎಷ್ಟು ಚಂದದ ಕೆತ್ತನೆ ಇದ್ದರೂ ವಾದ್ಯ ಶ್ರುತಿಗೆ ಬರುವುದಿಲ್ಲ. ಇದರಲ್ಲಿ ಮೊದಲ ಐದು ಫ್ರೆಟ್‌ಗಳ ಮೇಲೆ ತಂತಿ ತಿಂದ ಗುಳಿಗಳೂ ಇದ್ದವು. ಯಾರೋ ವರ್ಷಗಟ್ಟಲೆ ನುಡಿಸಿದ್ದಾರೆ. ನನಗೆ ಅದು ದೋಷವಲ್ಲ, ಒಳ್ಳೆಯ ಶಿಫಾರಸು.

ಇನ್ನು ಬೆಲೆ. ಕೆಳಗಿನ ಮಿತಿ ಬಿಡಿಭಾಗಗಳದ್ದು: ಟೋನ್ ರಿಂಗ್, ಬಿರಡೆ, ಕೊಕ್ಕೆಗಳನ್ನು ಬಿಡಿಬಿಡಿಯಾಗಿ ಮಾರಿದರೆ ಬರುವಷ್ಟು. ಮೇಲಿನ ಮಿತಿ, ಅಷ್ಟೇ ಚೆನ್ನಾಗಿ ನುಡಿಯುವ ಕಾರ್ಖಾನೆಯ ಹಳೆ ಬ್ಯಾಂಜೊ ನಿಜವಾಗಿ ಮಾರಾಟವಾದ ಬೆಲೆ. ಕೇಳಿದ ಬೆಲೆಯನ್ನು ನೋಡಬೇಡಿ, ಕೈಬದಲಾದ ಬೆಲೆ ನೋಡಿ. ಅದರಿಂದ ರಿಪೇರಿ ಖರ್ಚು ಕಳೆಯಿರಿ. ಮಾಡಿದವರು ಎಷ್ಟು ಗಂಟೆ ಕೂತಿದ್ದರು ಅನ್ನುವುದನ್ನು ಕೊಳ್ಳುವವರು ಲೆಕ್ಕ ಹಾಕುವುದಿಲ್ಲ. ಇದು ಅನ್ಯಾಯ ಅಂತ ನನಗೂ ಅನ್ನಿಸುತ್ತದೆ, ಆದರೂ ಹಾಗೇ ನಡೆಯುತ್ತದೆ. ವಿಮೆಗೆ ಬರೆಯುವ ಮೊತ್ತ ಬೇರೆ, ಅಂಥದ್ದೇ ಇನ್ನೊಂದನ್ನು ಮಾಡಿಸಲು ಆಗುವ ಖರ್ಚು ಅದು. ಬ್ರೆಜಿಲಿಯನ್ ರೋಸ್‌ವುಡ್ ಅಥವಾ ಆನೆದಂತ ಕಂಡರೆ ಗಡಿ ದಾಟಿಸಿ ಮಾರುವ ಮುಂಚೆ ಕಾನೂನು ವಿಚಾರಿಸಿ. ಆ ಮರಕ್ಕೆ 1992ರಿಂದ ಅಂತರರಾಷ್ಟ್ರೀಯ ನಿರ್ಬಂಧವಿದೆ.

ಹೆಸರು ಸಿಕ್ಕರೆ ಈ ಲೆಕ್ಕ ತಲೆಕೆಳಗಾಗುತ್ತದೆ, ನಿಜ. ವರ್ಜೀನಿಯಾ, ನಾರ್ತ್ ಕ್ಯಾರೊಲಿನಾ ಭಾಗದ ಕೈಲ್ ಕ್ರೀಡ್ ಮಾಡಿದ ಬ್ಯಾಂಜೊಗಳನ್ನು ಈಗ ಹುಡುಕಿಕೊಂಡು ಹೋಗುತ್ತಾರೆ. ಆದರೆ ಹೋಲಿಕೆ ಒಂದು, ಪುರಾವೆ ಇನ್ನೊಂದು. ಒಬ್ಬರ ಅಚ್ಚು ಮತ್ತೆ ಮತ್ತೆ ಬರುವುದು ತಲೆಯ ಅಂಚಿನಲ್ಲಿ, ನೆಕ್ ಪಾಟ್‌ಗೆ ಸೇರುವ ಹಿಮ್ಮಡಿಯಲ್ಲಿ, ನೆಕ್‌ನ ಬದಿಯಲ್ಲಿರುವ ಐದನೇ ಬಿರಡೆಯ ಜಾಗದಲ್ಲಿ. ಸಹಿ ಇರುವ ಒಂದರ ಪಕ್ಕ ಇಟ್ಟು ಈ ಮೂರೂ ಹೊಂದದ ಹೊರತು ನಾನು ಹೆಸರು ಬರೆಯುವುದಿಲ್ಲ.

ಮೇಜಿನ ಮೇಲಿದ್ದ ಬ್ಯಾಂಜೊಗೆ ಅಂಥ ಜೋಡಿ ಸಿಗಲಿಲ್ಲ. "ಮಾಡಿದವರು: ತಿಳಿದಿಲ್ಲ. ಒಬ್ಬರದೇ ಕೈ, ನೆಕ್ ಮತ್ತು ಪಾಟ್ ಎರಡೂ. ನುಡಿಸಲು ಸಿದ್ಧ" ಅಂತ ವರದಿ ಬರೆದು, ಹೊಡೆದುಹಾಕಿದ ಆ ಅಂಕಿಯ ಫೋಟೊವನ್ನು ಜೊತೆಗೆ ಲಗತ್ತಿಸಿದೆ.