ತಲೆಗೆ ಬಿದ್ದ ಲೆಕ್ಕವಿಲ್ಲದ ಪೆಟ್ಟುಗಳು

ಇಂಗ್ಲೆಂಡಿನ ವೆಸ್ಟ್ ಬ್ರಾಮಿಚ್ ಆಲ್ಬಿಯನ್ ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿಗಳಿಗೆ ಜೆಫ್ ಆ್ಯಸಲ್ ಎಂದರೆ ರಾಜ. 1968ರ ಎಫ್‌ಎ ಕಪ್ ಫೈನಲ್‌ನಲ್ಲಿ ಎವರ್ಟನ್ ತಂಡವನ್ನು ಸೋಲಿಸಿದ ಏಕೈಕ ಗೋಲು ಅವರದು. ಅದನ್ನು ಕಾಲಿನಲ್ಲೇ ಹೊಡೆದಿದ್ದರು. ಆದರೆ ಅವರಿಗೆ ಹೆಸರು ತಂದುಕೊಟ್ಟದ್ದು ತಲೆ. ಹಾರಿ ಬಂದ ಚೆಂಡಿಗೆ ಹಣೆಯೊಡ್ಡಿ ಗೋಲಿಗೆ ಕಳಿಸುವುದರಲ್ಲಿ ಅವರು ನಿಸ್ಸೀಮರು.

ಐವತ್ತೈದರ ಆಸುಪಾಸಿನಲ್ಲೇ ಅವರಿಗೆ ಮರೆವು ಹತ್ತಿತು. 2002ರ ಜನವರಿಯಲ್ಲಿ, 59ನೇ ವಯಸ್ಸಿಗೆ ಅವರು ತೀರಿಕೊಳ್ಳುವ ಹೊತ್ತಿಗೆ, ತಾನು ಫುಟ್‌ಬಾಲ್ ಆಡಿದ್ದೆ ಎಂಬುದೇ ಅವರ ನೆನಪಿನಿಂದ ಅಳಿಸಿಹೋಗಿತ್ತು. ಸಾವಿನ ವಿಚಾರಣೆ ನಡೆಸಿದ ಅಧಿಕಾರಿ ಇದನ್ನು 'ವೃತ್ತಿಯಿಂದ ಬಂದ ಕಾಯಿಲೆ' ಎಂದು ದಾಖಲಿಸಿದರು. ಕಲ್ಲುಕ್ವಾರಿಯ ಧೂಳು ಕುಡಿದು ಕೂಲಿಯವರ ಶ್ವಾಸಕೋಶ ಹಾಳಾಗುವಂತೆ, ಚೆಂಡಿಗೆ ಹಣೆಯೊಡ್ಡಿ ಒಡ್ಡಿ ಇವರ ಮಿದುಳು ಹಾಳಾಗಿತ್ತು.

ತಲೆಬುರುಡೆ ಒಡೆದಿರಲಿಲ್ಲ. ಹಾಗಾದರೆ ಒಳಗೆ ಆದದ್ದೇನು? ಚೆನ್ನಾಗಿ ಹೆಪ್ಪಾದ ಮೊಸರಿನ ಪಾತ್ರೆಯನ್ನು ಥಟ್ಟನೆ ತಿರುಗಿಸಿ ನೋಡಿ. ಪಾತ್ರೆ ತಿರುಗುತ್ತದೆ, ಮೊಸರು ಮಾತ್ರ ಕ್ಷಣಕಾಲ ಹಿಂದೆ ಉಳಿಯುತ್ತದೆ. ಅಲ್ಲೇ ಸೀಳು ಬಿಡುತ್ತದೆ, ನೀರೊಡೆಯುತ್ತದೆ. ಸುಮಾರು 1,400 ಗ್ರಾಂ ತೂಗುವ ಮಿದುಳು ಕೂಡ ಬುರುಡೆಯೊಳಗೆ ದ್ರವದಲ್ಲಿ ತೇಲುವ ಮೆತ್ತನೆಯ ಮುದ್ದೆ. ತಲೆ ಏಕಾಏಕಿ ಹೊರಳಿದಾಗ ಅದರ ಎಳೆಗಳು ಜಗ್ಗುತ್ತವೆ. ಮಿದುಳಿನ ಮೇಲ್ಮೈಯ ಮಡಿಕೆಗಳ ತಳದಲ್ಲಿ ಈ ಜಗ್ಗಾಟ ಜೋರು. ಹೆಲ್ಮೆಟ್ ಬುರುಡೆಯನ್ನು ಕಾಯುತ್ತದೆ. ಒಳಗಿನ ಈ ಜಗ್ಗಾಟವನ್ನು ಅದು ಪೂರ್ತಿ ತಡೆಯಲಾರದು. ಹೆಲ್ಮೆಟ್ ತೊಟ್ಟೇ ಆಡುವ ಅಮೆರಿಕನ್ ಫುಟ್‌ಬಾಲ್ ಆಟಗಾರರಿಗೂ ಇದೇ ಕಾಯಿಲೆ ಬಂದದ್ದು ಅದಕ್ಕೇ.

ನರಕೋಶದ ಉದ್ದನೆಯ ಎಳೆಯೊಳಗೆ ಸಣ್ಣ ಸಣ್ಣ ಕೊಳವೆಗಳಿವೆ. ಕಟ್ಟಡಕ್ಕೆ ಕಟ್ಟುವ ಸಾರುವೆಯ ಬಿದಿರುಗಳನ್ನು ಹಗ್ಗ ಹಿಡಿದಿಟ್ಟಂತೆ, ಈ ಕೊಳವೆಗಳನ್ನು ಟೌ ಎಂಬ ಪ್ರೋಟೀನ್ ಹಿಡಿದಿಟ್ಟಿರುತ್ತದೆ. ಪೆಟ್ಟಿನ ಮೇಲೆ ಪೆಟ್ಟು ಬಿದ್ದರೆ ಟೌ ಕಳಚಿಕೊಂಡು ಸಿಕ್ಕುಸಿಕ್ಕಾಗುತ್ತದೆ. ಸೂಕ್ಷ್ಮದರ್ಶಕದಡಿ ಬಣ್ಣ ಹಚ್ಚಿ ನೋಡಿದರೆ ಮಡಿಕೆಯ ತಳದಲ್ಲಿ, ಪುಟ್ಟ ರಕ್ತನಾಳಗಳ ಸುತ್ತ, ಕಂದು ಕಲೆಗಳು ಮುತ್ತಿಕೊಂಡಿರುತ್ತವೆ. ಆಲ್ಜೈಮರ್ ಕಾಯಿಲೆಯಲ್ಲೂ ಟೌ ಕೆಡುತ್ತದೆ, ಆದರೆ ಅದು ಹರಡುವ ರೀತಿಯೇ ಬೇರೆ. ಈ ವಿಶಿಷ್ಟ ಗುರುತಿರುವ ಕಾಯಿಲೆಯೇ ಕ್ರಾನಿಕ್ ಟ್ರಾಮಾಟಿಕ್ ಎನ್ಸೆಫಲೋಪತಿ, ಚಿಕ್ಕದಾಗಿ ಸಿಟಿಇ.

ಬದುಕಿರುವಾಗ ಇದನ್ನು ಖಚಿತವಾಗಿ ಪತ್ತೆಹಚ್ಚುವ ಪರೀಕ್ಷೆ ಇಲ್ಲ. ನನ್ನನ್ನು ಹೆಚ್ಚು ಕಾಡುವುದು ಇದೇ. ಮುಂಗೋಪ, ಖಿನ್ನತೆ, ಮರೆವು ಒಂದೊಂದಾಗಿ ಬಂದಾಗ ಮನೆಯವರು 'ಯಾಕೋ ಮೊದಲಿನ ಹಾಗಿಲ್ಲ' ಎಂದು ನೊಂದುಕೊಳ್ಳುತ್ತಾರೆ. ಕಾರಣ ತಿಳಿಯುವುದು ಆ ಮನುಷ್ಯ ಹೋದಮೇಲೆ, ಅದೂ ಮಿದುಳನ್ನು ದಾನ ಕೊಟ್ಟರೆ ಮಾತ್ರ. ಆ್ಯಸಲ್ ಅವರ ಮಿದುಳನ್ನು ನರರೋಗ ತಜ್ಞ ವಿಲ್ಲಿ ಸ್ಟುವರ್ಟ್ ಮತ್ತೆ ಪರೀಕ್ಷಿಸಿ ಸಿಟಿಇ ಎಂದು ಹೇಳಿದ್ದು 2014ರಲ್ಲಿ. ಅಷ್ಟರಲ್ಲಿ 12 ವರ್ಷ ಕಳೆದಿತ್ತು.

ಒಬ್ಬರ ಮಿದುಳಿನಿಂದ ಎಲ್ಲರ ಕತೆ ಹೇಳಲಾಗದು. ದಾನವಾಗಿ ಬರುವ ಮಿದುಳುಗಳೂ ಹೆಚ್ಚಾಗಿ ಕಾಯಿಲೆಯ ಅನುಮಾನ ಇದ್ದವರವೇ. ಹಾಗಾಗಿ ಗ್ಲಾಸ್ಗೋದಲ್ಲಿ ಸ್ಟುವರ್ಟ್ ತಂಡ ಬೇರೆ ದಾರಿ ಹಿಡಿಯಿತು. ಸ್ಕಾಟ್ಲೆಂಡಿನ 7,676 ಮಾಜಿ ವೃತ್ತಿಪರ ಆಟಗಾರರ ದಾಖಲೆಗಳನ್ನು 23,028 ಸಾಮಾನ್ಯ ಜನರ ದಾಖಲೆಗಳ ಜೊತೆ ಹೋಲಿಸಿತು. ಹೃದ್ರೋಗದಿಂದ ಸತ್ತ ಆಟಗಾರರು ಕಡಿಮೆ. ಆದರೆ ಮಿದುಳು ಸವೆಯುವ ಕಾಯಿಲೆಗಳಿಂದ ಸಾಯುವ ಸಂಭವ ಅವರಲ್ಲಿ ಸುಮಾರು ಮೂರೂವರೆ ಪಟ್ಟು ಹೆಚ್ಚು. ಈ ವರದಿ ಬಂದದ್ದು 2019ರಲ್ಲಿ.

ಎರಡು ವರ್ಷದ ನಂತರ ಅದೇ ತಂಡ ಯಾರು ಯಾವ ಸ್ಥಾನದಲ್ಲಿ ಆಡುತ್ತಿದ್ದರು ಎಂದು ವಿಂಗಡಿಸಿ ನೋಡಿತು. ಚೆಂಡಿಗೆ ಪದೇ ಪದೇ ತಲೆಯೊಡ್ಡುವ ರಕ್ಷಣಾ ಆಟಗಾರರಲ್ಲಿ ಅಪಾಯ ಸುಮಾರು ಐದು ಪಟ್ಟು. ಗೋಲ್‌ಕೀಪರ್‌ಗಳದ್ದು ಹೆಚ್ಚುಕಡಿಮೆ ಸಾಮಾನ್ಯ ಜನರಷ್ಟೇ. ಅದೇ ಮೈದಾನ, ಅದೇ ತರಬೇತಿ, ಅದೇ ಊಟ. ಆದರೆ ಗೋಲ್‌ಕೀಪರ್ ಚೆಂಡು ಹಿಡಿಯುವುದು ಕೈಯಲ್ಲಿ. ತಲೆಯಿಂದ ಹೊಡೆಯುವುದೇ ಕಾರಣ ಎಂದು ಇದೊಂದೇ ಸಾಬೀತು ಮಾಡುವುದಿಲ್ಲ, ನಿಜ. ನನ್ನ ಮಟ್ಟಿಗೆ ಇಷ್ಟು ಸಾಕು.

ಇದು ಹಳೆಯ ಕಾಲದ, ಮಳೆನೀರು ಕುಡಿದು ಭಾರವಾಗುತ್ತಿದ್ದ ಚರ್ಮದ ಚೆಂಡಿನ ಶಾಪ ಎಂದು ಅನೇಕರು ಸಮಾಧಾನ ಪಟ್ಟುಕೊಂಡಿದ್ದರು. ಆದರೆ ಆ ಅಧ್ಯಯನದ ಆಟಗಾರರು ಯಾವ ದಶಕದಲ್ಲಿ ಹುಟ್ಟಿದವರಾದರೂ ಅಪಾಯದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಈಗಿನ ಚೆಂಡು ನೀರು ಕುಡಿಯುವುದಿಲ್ಲ, ಆದರೆ ವೇಗವಾಗಿ ಬರುತ್ತದೆ.

ಪ್ರಜ್ಞೆ ತಪ್ಪಿಸುವ ದೊಡ್ಡ ಪೆಟ್ಟು ಬಿದ್ದರೆ ಆಟ ನಿಲ್ಲುತ್ತದೆ, ವೈದ್ಯರು ಓಡಿ ಬರುತ್ತಾರೆ. ಸಿಟಿಇ ಸಂಶೋಧನೆ ಬೆರಳು ಮಾಡುತ್ತಿರುವುದು ಯಾರೂ ಗಮನಿಸದ ಸಣ್ಣ ಪೆಟ್ಟುಗಳ ಕಡೆಗೆ, ಅವೆಷ್ಟು ಸಾವಿರ, ಎಷ್ಟು ವರ್ಷ ಎಂಬುದರ ಕಡೆಗೆ. ಅವುಗಳಲ್ಲಿ ಬಹುಪಾಲು ಬೀಳುವುದು ಪಂದ್ಯದಲ್ಲಲ್ಲ, ಅಭ್ಯಾಸದಲ್ಲಿ. ಅದಕ್ಕೇ 2020ರಲ್ಲಿ ಸ್ಕಾಟ್ಲೆಂಡ್ 12ಕ್ಕಿಂತ ಕಿರಿಯ ಮಕ್ಕಳಿಗೆ ತರಬೇತಿಯಲ್ಲಿ ಹೆಡಿಂಗ್, ಅಂದರೆ ಚೆಂಡನ್ನು ತಲೆಯಿಂದ ಹೊಡೆಯುವುದು, ಬೇಡವೆಂದಿತು. ಮರುವರ್ಷ ಇಂಗ್ಲೆಂಡ್ ವೃತ್ತಿಪರರಿಗೂ ಒಂದು ಮಿತಿ ಸೂಚಿಸಿತು: ಅಭ್ಯಾಸದಲ್ಲಿ ಜೋರಾದ ಹೆಡರ್‌ಗಳು ವಾರಕ್ಕೆ ಹತ್ತನ್ನು ಮೀರಬಾರದು.